ತೋಟದ ಮನೆಗೆ ಯಾವ ವಾಷಿಂಗ್ ಮಷೀನು?

ಶಿರಸಿ ಪೇಟೆಯ ಬಾಡಿಗೆ ಮನೆಯಲ್ಲಿ ನಮ್ಮದು ಫುಲ್ಲಿ ಆಟೋಮ್ಯಾಟಿಕ್. ಹಳ್ಳಿ ಮನೆಗೆ ಬಂದ ಮೇಲೂ ಒಂದು ಮಳೆಗಾಲ ಅದೇ ಇತ್ತು. ಈಗಿರುವುದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ತೋಟದ ಮನೆಯವರು ಯಾರು ಕೇಳಿದರೂ ನಾನು ಹೇಳುವುದು ಸೆಮಿಯನ್ನೇ.

ನಮಗೆ ಬರುವುದು ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು. ಮಳೆಗಾಲದಲ್ಲಿ ಮಣ್ಣು, ಎಲೆಚೂರು ಎಲ್ಲ ಜೊತೆಗೇ ಬರುತ್ತದೆ. ಫುಲ್ಲಿ ಆಟೋಮ್ಯಾಟಿಕ್‌ಗೆ ನೀರು ಹೋಗುವ ಬಾಯಲ್ಲಿ ಒಂದು ಪುಟ್ಟ ಜಾಲರಿ. ಅದು ಕಟ್ಟಿತೋ, ಮಷೀನು ನೀರಿಗಾಗಿ ಕಾದು ಕಾದು, ಕೂಗಿ ನಿಂತುಬಿಡುತ್ತದೆ. ನಲ್ಲಿ ಬಂದ್ ಮಾಡಿ, ಪೈಪು ಬಿಚ್ಚಿ, ಹಳೆ ಬ್ರಶ್ಶಿನಿಂದ ಜಾಲರಿ ತಿಕ್ಕಿ, ಮತ್ತೆ ಜೋಡಿಸಬೇಕು. ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಬಟ್ಟೆ ಹೊರಗೆ ತೆಗೆದರೂ ಎಲ್ಲಿ ತನಕ ಒಗೆದಿತ್ತೋ ತಿಳಿಯುವುದಿಲ್ಲ. ಎಲ್ಲ ತಾನೇ ಮಾಡುವ ಯಂತ್ರದ ತೊಂದರೆ ಇದೇ. ಅದು ನಿಂತಾಗ ನಮ್ಮ ಕೈಗೆ ಏನೂ ಉಳಿದಿರುವುದಿಲ್ಲ.

ಸೆಮಿಗೆ ನೀರು ಕಮ್ಮಿಯಾದರೆ ಕೊಡದಿಂದ ಹೊಯ್ದರಾಯಿತು.

ಒಗೆದ ಬಟ್ಟೆಯನ್ನು ಕೈಯಲ್ಲೇ ಎತ್ತಿ ಹಿಂಡುವ ತೊಟ್ಟಿಗೆ ಹಾಕಬೇಕು ನಿಜ. ಅಂಗಡಿಯವರು ಅದನ್ನು ಕೊರತೆ ಎನ್ನುತ್ತಾರೆ. ನನಗೆ ಬೇಕಾದ್ದೇ ಅದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದವರ ಅಂಗಿಯ ಮೈಲುತುತ್ತದ ಕಲೆ, ಕೊಯ್ಲಿನ ಹೊತ್ತಿನ ಅಡಿಕೆ ಚೊಗರು, ಎಲ್ಲ ಎತ್ತುವಾಗಲೇ ಕಣ್ಣಿಗೆ ಬೀಳುತ್ತದೆ. ಅಲ್ಲೇ ಇನ್ನೊಂದು ಸಲ ಸೋಪು ತಿಕ್ಕಬಹುದು. ಮನೆಬಟ್ಟೆ ಒಗೆದ ಸೋಪಿನ ನೀರಿಗೇ ಆಮೇಲೆ ತೋಟದ ಬಟ್ಟೆ ಹಾಕಬಹುದು.

ಅನಾನುಕೂಲದಿಂದ ಆಗುವ ಲಾಭವನ್ನೇ ಜಪಾನಿನ ಹಿರೋಶಿ ಕವಾಕಮಿ ಅಧ್ಯಯನ ಮಾಡಿದ್ದಾರೆ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಈ ಯೋಚನೆಯಿಂದ ಹುಟ್ಟಿದ 18 ಸೆಂ.ಮೀ. ಸ್ಕೇಲಿನ ಮೇಲೆ 2, 3, 5, 7, 11, 13, 17 ಅಷ್ಟೇ, ಅಂದರೆ ಬರೀ ಅವಿಭಾಜ್ಯ ಸಂಖ್ಯೆಗಳು. 4 ಸೆಂ.ಮೀ. ಬೇಕಾದರೆ 3ರಿಂದ 7ರವರೆಗೆ ಅಳೆಯಬೇಕು. ಅಳೆಯುವವರ ತಲೆಗೂ ಕೆಲಸವಿರಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು. ವಾಷಿಂಗ್ ಮಷೀನು ಮಾಡುವವರೂ ಹೀಗೆ ಯೋಚಿಸಬೇಕು ಅಲ್ವಾ?

ಸದ್ದು ಸೆಮಿಯದ್ದೇ ಜಾಸ್ತಿ. ಬೆಲೆ ಕಮ್ಮಿ.

ತಾರಸಿ ಟ್ಯಾಂಕಿನ ನೀರಿದ್ದು, ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುವ ಪೇಟೆಮನೆಗೆ ಫುಲ್ಲಿ ಆಟೋಮ್ಯಾಟಿಕ್ ಸರಿ. ಬೆನ್ನುನೋವಿನವರಿಗೂ ಅದೇ ಒಳ್ಳೆಯದು. ನಾನು ಹಂಡೆಗೆ ಬೆಂಕಿ ಹಾಕುತ್ತಾ ಬೆಳಿಗ್ಗೆ ಹೇಗೂ ಬಚ್ಚಲ ಹತ್ತಿರವೇ ಇರುತ್ತೇನೆ. ನಡುನಡುವೆ ಬಟ್ಟೆ ಎತ್ತಿ ಹಾಕುವುದು ಹೊರೆಯಲ್ಲ. ಉಳಿದ ದುಡ್ಡಿನಲ್ಲಿ ಅಬ್ಬಿ ಪೈಪಿನ ಒಡೆದ ತುಂಡುಗಳನ್ನು ಬದಲಾಯಿಸಿದೆವು.