ಕೆ1000, ಎಇ-1, ಎಫ್‌ಎಂ2: ಮೂರರಲ್ಲಿ ಯಾವುದು ತಗೋಬೇಕು?

ಹಳೇ ರೋಲ್ ಕ್ಯಾಮೆರಾ ಹುಡುಕುವವರ ಕೈಗೆ ಹೆಚ್ಚಾಗಿ ಬರುವುದು ಈ ಮೂರು: ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1, ನಿಕಾನ್ ಎಫ್‌ಎಂ2. ಮೊದಲೆರಡು 1976ರವು, ನಿಕಾನ್ 1982ರದು. ಬಾದಾಮಿಯ ಬಿಸಿಲಲ್ಲೂ ಗೋಳಗುಮ್ಮಟದ ಒಳಗೂ ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಓಟು ಕೆ1000ಕ್ಕೆ, ದುಡ್ಡಿದ್ದರೆ ಎಫ್‌ಎಂ2ಗೆ.

ಕೆ1000ಕ್ಕೆ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗಷ್ಟೇ. ವಾಚ್ ಅಂಗಡಿಯಲ್ಲಿ ಸಿಗುವ ಒಂದು ಎಲ್‌ಆರ್44 ಸಾಕು, ಅದು ಸತ್ತರೂ ಶಟರ್ ಓಡುತ್ತದೆ. ಮೀಟರಿಗೆ ಸ್ವಿಚ್ ಇಲ್ಲ. ಲೆನ್ಸ್ ಮುಚ್ಚಳ ಹಾಕುವುದು ಮರೆತರೆ ಸೆಲ್ ಖಾಲಿ. ನೆತ್ತಿಯ ಉಬ್ಬಿನ (ಪ್ರಿಸಂ) ಮೇಲೆ ಕಂಪನಿಯ ಹಳೇ ಹೆಸರು ‘ಅಸಾಹಿ’ ಎಂದಿರುವ ಹಳೆಯವಕ್ಕೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಕೊನೆಗೆ ಚೀನಾದಲ್ಲಿ ತಯಾರಾದವುಗಳ ಮೇಲಿನ, ಕೆಳಗಿನ ಹೊದಿಕೆ ಪ್ಲಾಸ್ಟಿಕ್. ಫೋಟೋದಲ್ಲಿ ಫರಕು ಕಾಣುವುದಿಲ್ಲ.

ಎಇ-1ರಲ್ಲಿ ಶಟರ್ ವೇಗ ನೀವಿಟ್ಟರೆ ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಅದೇ ನೋಡಿಕೊಳ್ಳುತ್ತದೆ. ಆರಾಮ ಖರೆ, ಆದರೆ 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿ ಇಲ್ಲದೆ ಒಂದು ಫ್ರೇಮೂ ಬರುವುದಿಲ್ಲ. ಸಿಗದಿದ್ದರೆ ನಾಲ್ಕು ಎಲ್‌ಆರ್44 ಸಾಲಾಗಿ ಜೋಡಿಸಿ ಸುತ್ತ ಕಾಗದ ಸುತ್ತಿ ಹಾಕಬಹುದು. ಕ್ಲಿಕ್ಕಿಸಿದಾಗ ‘ಕೀಂ’ ಎಂದು ಕೆಮ್ಮಿದರೆ ಕನ್ನಡಿಯ ಗೇರುಗಳಲ್ಲಿ ಎಣ್ಣೆ ಒಣಗಿದೆ ಎಂದರ್ಥ. ಸೂಜಿಮೊನೆಯಷ್ಟು ಎಣ್ಣೆ ಸಾಕು. ಜಾಸ್ತಿಯಾದರೆ ಶಟರ್‌ವರೆಗೂ ಹರಿದು ಇನ್ನೊಂದು ರಿಪೇರಿ ತರುತ್ತದೆ.

ಎಫ್‌ಎಂ2ರ ಬೆಲೆ ಏಕೆ ಹೆಚ್ಚು ಎಂಬುದು ಬಿಸಿಲಲ್ಲೇ ತಿಳಿಯುತ್ತದೆ. 400 ಐಎಸ್‌ಒ (ಬೆಳಕಿಗೆ ಫಿಲ್ಮಿನ ಚುರುಕು) ರೋಲಿಗೆ ನೇರ ಬಿಸಿಲಿನಲ್ಲಿ ಎಫ್16 ಅಪರ್ಚರಿಗೆ ಸುಮಾರು 1/500 ಸೆಕೆಂಡಿನ ಶಟರ್ ಬೇಕು; ಎಫ್ ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು. ಎಫ್5.6ಕ್ಕೆ ತೆರೆದರೆ 1/4000. ಉಳಿದೆರಡು 1/1000ಕ್ಕೇ ನಿಲ್ಲುವುದರಿಂದ ಎಫ್11ರಾಚೆ ತೆರೆಯಲಾಗದು. ಗುಮ್ಮಟದ ಕತ್ತಲಲ್ಲಿ ಉಳಿದೆರಡರ ಮೀಟರ್ ಮುಳ್ಳು ಕಾಣುವುದೇ ಇಲ್ಲ, ನಿಕಾನಿನ ಕೆಂಪು ದೀಪಗಳು ಕಾಣುತ್ತವೆ. ಡಯಲ್‌ನಲ್ಲಿ 250 ಕೆಂಪಗಿದ್ದರೆ ಅದು 1984ರ ಸುಧಾರಿತ ಮಾದರಿ. 1977ಕ್ಕಿಂತ ಹಿಂದಿನ, ಹೊಸ ಕ್ಯಾಮೆರಾಗಳಿಗೆ ಹೊಂದುವಂತೆ ಮಾರ್ಪಡಿಸದ ನಿಕಾನ್ ಲೆನ್ಸ್ ಇದಕ್ಕೆ ಹಾಕಬೇಡಿ, ಕ್ಯಾಮೆರಾಕ್ಕೇ ಪೆಟ್ಟು.

“ಕಂಡೀಷನ್ ಫಸ್ಟ್ ಕ್ಲಾಸ್ ಐತ್ರಿ” ಎಂದು ಮಾರುವವನು ಹೇಳಿಯೇ ಹೇಳುತ್ತಾನೆ. ಹಿಂದಿನ ಬಾಗಿಲು ತೆರೆದು, ಲೆನ್ಸ್ ಬಿಚ್ಚಿ, ಬೆಳಕಿನ ಗೋಡೆಗೆ ಹಿಡಿದು 1/1000ರಲ್ಲಿ ಹೊಡೆಯಿರಿ. ಒಂದು ಅಂಚು ಕಪ್ಪಾಗಿ ಕಂಡರೆ ಶಟರ್ ಪರದೆಗಳ ಓಟ ತಪ್ಪಿದೆ. ಬಾಗಿಲ ಸಂದಿಯಲ್ಲಿ ಬೆಳಕು ತಡೆಯುವ ಫೋಮ್ ಡಾಂಬರಿನಂತೆ ಅಂಟಿದರೆ ಹೆದರಬೇಕಿಲ್ಲ: ಮರದ ಕಡ್ಡಿಯಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸ ತೆಳು ಫೋಮ್ ಅಂಟಿಸಿ. ಕನ್ನಡಿಯನ್ನು ಮಾತ್ರ ಮುಟ್ಟಬೇಡಿ. ಅದರ ಹೊಳೆಯುವ ಲೇಪ ಇರುವುದು ಮುಂಭಾಗದಲ್ಲೇ.

ವಿಜಯಪುರದ ಬೇಸಿಗೆಯಲ್ಲಿ ಕಾರಿನಲ್ಲಿಟ್ಟರೆ ಲೆನ್ಸಿನ ಗ್ರೀಸ್ ಇಳಿದು ಅಪರ್ಚರ್ ಎಲೆಗಳು ಅಂಟುತ್ತವೆ. ಬೆಳಗಾವಿಯ ಮಳೆಗಾಲದಲ್ಲಿ ಗಾಜಿಗೆ ಬೂಸ್ಟು. ಅಲ್ಲಿ ಚರ್ಮದ ಕೇಸಿನಲ್ಲಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಕೇಸೇ ತೇವ ಹೀರುತ್ತದೆ.