ತೋಟದ ಕೆರೆಯಲ್ಲಿ ಉಸಿರು ಕಟ್ಟಿ ಮುಳುಗುವವರೇ, ಇದನ್ನು ಓದಿ

ಕಾಫಿ ಹೂವಿಗೆ ನೀರು ಹಾಯಿಸುವ ಫೆಬ್ರವರಿ, ಮಾರ್ಚ್‌ನಲ್ಲಿ ಕೊಡಗಿನ ತೋಟಗಳಲ್ಲಿ ಪಂಪಿಗೆ ಬಿಡುವಿಲ್ಲ. ಕೆರೆ ಇಳಿದಂತೆ ಪಂಪಿನ ಪೈಪಿನ ತುದಿಯಲ್ಲಿ ನೀರೊಳಗಿರುವ ಫುಟ್‌ವಾಲ್ವ್‌ಗೆ ಪಾಚಿ, ಎಲೆ ಸಿಕ್ಕಿಕೊಳ್ಳುತ್ತವೆ. ಈಜು ಬರುವ ಯಾರಾದರೂ ಮುಳುಗಿ ಬಿಡಿಸುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಿ.

ಈ ಸಲ ಸುಂಟಿಕೊಪ್ಪದ ಹತ್ತಿರದ ತೋಟವೊಂದರಲ್ಲಿ ನನ್ನ ಭಾವ ಹೀಗೆ ಇಳಿದರು. ಒಳ್ಳೆಯ ಈಜುಗಾರ. ಮೊದಲು ಮುಳುಗಿದಾಗ ಕಸ ಬಿಡಲಿಲ್ಲ. ಇನ್ನೂ ಜಾಸ್ತಿ ಹೊತ್ತು ಒಳಗಿರಬೇಕೆಂದು ದಡದಲ್ಲಿ ಕೂತು ಬುಸುಬುಸು ಉಸಿರಾಡಿ ಮತ್ತೆ ಮುಳುಗಿದರು. ಪೈಪು ಒಂದೆರಡು ಸಲ ಅಲ್ಲಾಡಿ ನಿಂತಿತು. ಕೈಕಾಲು ಬಡಿದ ಸದ್ದಿಲ್ಲ, ಕೂಗಿಲ್ಲ.

ಆ ಬುಸುಬುಸು ಉಸಿರಾಟವೇ ಅಪಾಯ. ಉಸಿರು ಬೇಕು ಅಂತ ಒದ್ದಾಡಿಸುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಜೋರಾಗಿ ಉಸಿರಾಡಿದರೆ ಅದು ಮೊದಲೇ ಇಳಿದುಹೋಗುತ್ತದೆ. ಆಮ್ಲಜನಕ ಮುಗಿಯುತ್ತಾ ಬಂದರೂ ಮೇಲೆ ಬರಬೇಕು ಅನ್ನಿಸುವುದೇ ಇಲ್ಲ, ಎಚ್ಚರ ತಪ್ಪುತ್ತದೆ. ಸಮುದ್ರದಲ್ಲಿ ರೀಬ್ರೀದರ್ ಕಟ್ಟಿಕೊಂಡು ಇಳಿಯುವವರಿಗೂ ಇಂಥದೇ ಗಂಡಾಂತರ. ಆ ಯಂತ್ರ ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತೆಗೆದು ಮತ್ತೆ ಕೊಡುತ್ತದೆ. ಆಮ್ಲಜನಕ ಸೇರುವುದು ನಿಂತರೆ ಗೊತ್ತೇ ಆಗದೆ ಪ್ರಜ್ಞೆ ಹೋಗಬಹುದು.

ತೋಟದ ಲೆಕ್ಕ ಬರೆಯುವ ರೈಟರ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು, ತುದಿ ನಾವು ಹಿಡಿದೆವು. ಹಗ್ಗವಿಲ್ಲದೆ ಒಬ್ಬರ ಹಿಂದೆ ಒಬ್ಬರು ಹಾರಿ ಇಬ್ಬರೂ ಹೋದ ಸುದ್ದಿಗಳನ್ನು ಓದಿದ್ದೇವಲ್ವಾ? ಮೇಲೆ ತಂದಾಗ ಭಾವನ ತುಟಿ ನೀಲಿ, ಉಸಿರಿಲ್ಲ. ಒಬ್ಬರು ಹೊಟ್ಟೆ ಒತ್ತಲು ಹೋದರು, ಇನ್ನೊಬ್ಬರು ತಲೆಕೆಳಗೆ ಮಾಡಿ ಅಂದರು. ಎರಡೂ ತಪ್ಪು. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಸಮಯವೂ ಹಾಳು. ಪಕ್ಕದ ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ನರ್ಸಿಂಗ್ ಓದುವ ಹುಡುಗಿ ಎಲ್ಲರನ್ನೂ ಸರಿಸಿದಳು. ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು 5 ಸಲ ಉಸಿರು ಊದಿದಳು. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ 2 ಸಲ ಊದುವುದು, ಮತ್ತೆ ಅದೇ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಮುಳುಗಿದವರಿಗೆ ಮೊದಲು ಬೇಕಿರುವುದು ಉಸಿರು. ಭಾವ ಕೆಮ್ಮಿದರು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿದ್ದರು.

ಎಚ್ಚರವಾದ ಮೇಲೆ ಅವರದು ಒಂದೇ ಹಟ, "ಏನೂ ಆಗಿಲ್ಲ, ಮನೆಗೆ ಹೋಗೋಣ." ಒಪ್ಪಬೇಡಿ. ಸಂಜೆಗೆ ಅವರಿಗೆ ಏದುಸಿರು ಶುರುವಾಯಿತು. ಆಸ್ಪತ್ರೆಯಲ್ಲಿದ್ದರಿಂದ ಕೂಡಲೇ ಆಮ್ಲಜನಕ ಕೊಟ್ಟರು.

ಈಗ ಆ ಕೆರೆಯಲ್ಲಿ ಫುಟ್‌ವಾಲ್ವ್ ನೀರಲ್ಲಿ ತೇಲುವ ಖಾಲಿ ಡ್ರಮ್ಮಿಗೆ ತೂಗುಬಿದ್ದಿದೆ. ಕಸ ಕಟ್ಟಿದರೆ ಮೋಟಾರು ನಿಲ್ಲಿಸಿ, ಹಗ್ಗದಿಂದ ದಡಕ್ಕೆಳೆದು ತೆಗೆಯುತ್ತಾರೆ.