ಪ್ಯಾಲೆಟ್ ಜಾಗದ ಲೆಕ್ಕ: ಘನ ಮೀಟರ್, ಗ್ರಾಫ್ ಹಾಳೆ, ಫೋನ್ ಆ್ಯಪ್

ಪ್ಯಾಲೆಟ್‌ಗಳಿಗೆ (ಸರಕು ಪೇರಿಸಿಡುವ ಮರದ ಹಲಗೆಯ ಚೌಕಟ್ಟುಗಳಿಗೆ) ಎಷ್ಟು ಜಾಗ ಬೇಕು ಅಂತ ಲೆಕ್ಕ ಹಾಕೋಕೆ ಈ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಮಟ್ಟಿಗೆ ಗೆದ್ದಿದ್ದು ಗ್ರಾಫ್ ಹಾಳೆ.

ಘನ ಮೀಟರ್ ಲೆಕ್ಕ ಎಲ್ಲರಿಗೂ ಗೊತ್ತು. ಸರಕು ಸೇರಿದ ಪ್ಯಾಲೆಟ್‌ನ ಉದ್ದ, ಅಗಲ, ಎತ್ತರ ಗುಣಿಸಬೇಕು. ಜಾಗದ ಒಟ್ಟು ಗಾತ್ರವನ್ನು ಅದರಿಂದ ಭಾಗಿಸಬೇಕು. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲು ಸಾಕು. ಆದರೆ ಇದು ಎಲ್ಲಿ ಕೈಕೊಡುತ್ತೆ ನೋಡಿ. ಯೂರೋ ಪ್ಯಾಲೆಟ್ 1200 × 800 ಮಿ.ಮೀ. ಇರುತ್ತದೆ. ಸರಕು ಸೇರಿ ಎತ್ತರ 1.5 ಮೀಟರ್ ಆದರೆ ಗಾತ್ರ 1.44 ಘನ ಮೀಟರ್. 20 ಅಡಿ ಕಂಟೇನರ್‌ನ ಒಳಗೆ ಸುಮಾರು 33 ಘನ ಮೀಟರ್ ಜಾಗ ಇದೆ. ಭಾಗಿಸಿದರೆ 22 ಹಿಡಿಸಬೇಕು, ಅಲ್ವಾ? ಹಿಡಿಸುವುದು ಬರೀ 11! ಒಳಗಿನ ಎತ್ತರ ಸುಮಾರು 2.39 ಮೀಟರ್. ಹಾಗಾಗಿ ಒಂದರ ಮೇಲೊಂದು ಇಡೋಕೆ ಆಗಲ್ಲ.

ಗ್ರಾಫ್ ಹಾಳೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದು ಚೌಕಕ್ಕೆ 10 ಸೆಂ.ಮೀ. ಅಂತ ಇಟ್ಟುಕೊಂಡು, 12 × 8 ಚೌಕದ ರಟ್ಟಿನ ತುಂಡುಗಳನ್ನು ಕತ್ತರಿಸಿ. ಕಂಟೇನರ್‌ನ ನೆಲ ಸುಮಾರು 59 × 23 ಚೌಕ ಆಗುತ್ತದೆ. ಒಂದು ಗೋಡೆಯ ಪಕ್ಕ 7 ತುಂಡು ಅಡ್ಡಡ್ಡ, ಇನ್ನೊಂದು ಗೋಡೆಯ ಪಕ್ಕ 4 ತುಂಡು ಉದ್ದುದ್ದ ಇಡಿ. ಅಲ್ಲಿಗೆ 11 ಕೂತಿತು. ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟು ನೋಡಿ, ಅಷ್ಟು ಕೂರಲ್ಲ. ತುಂಡುಗಳನ್ನು ತಿರುಗಿಸಿ ನೋಡೋ ಈ ಆಟ ಯಾವ ಸೂತ್ರದಲ್ಲೂ ಸಿಗಲ್ಲ.

ಗೋದಾಮಿಗೆ ಬಂದರೆ ಹಾಳೆ ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ. ಎರಡು ಕಡೆ 1.2 ಮೀಟರ್ ಅಗಲದ ಒಂದೊಂದು ಪ್ಯಾಲೆಟ್ ಸಾಲು, ನಡುವೆ ಫೋರ್ಕ್‌ಲಿಫ್ಟ್ (ಪ್ಯಾಲೆಟ್ ಎತ್ತುವ ಗಾಡಿ) ತಿರುಗೋಕೆ 3.5 ಮೀಟರ್ ದಾರಿ ಅಂದುಕೊಳ್ಳಿ. ಒಟ್ಟು 5.9 ಮೀಟರ್ ಅಗಲದಲ್ಲಿ ಪ್ಯಾಲೆಟ್‌ಗೆ ಸಿಕ್ಕಿದ್ದು 2.4 ಮಾತ್ರ. ಅರ್ಧಕ್ಕಿಂತ ಜಾಸ್ತಿ ನೆಲ ದಾರಿಗೇ ಹೋಯಿತು! ಬಾಡಿಗೆಗೆ ಜಾಗ ಹಿಡಿಯುವವರು ಮೊದಲು ಇದನ್ನು ಬಿಡಿಸಿ ನೋಡಲೇಬೇಕು.

ಕ್ಯಾಮೆರಾ ಹಿಡಿದು ಅಳೆಯುವ ಫೋನ್ ಆ್ಯಪ್ ಬೇಗ ಅಳೆಯುತ್ತದೆ, ಖಾಲಿ ಕೋಣೆಗೆ ಚೆನ್ನಾಗಿದೆ. ಸರಕಿಗೆ ಸುತ್ತಿದ ಪ್ಲಾಸ್ಟಿಕ್ ಹೊಳೆಯುತ್ತಿದ್ದರೆ ಮಾತ್ರ ಅಂಚು ಸರಿಯಾಗಿ ಸಿಗಲ್ಲ, ಅಳತೆ ಒಂದೊಂದು ಸಲ ಒಂದೊಂದು ಬರುತ್ತದೆ. ಅಂದಾಜಿಗೆ ಸಾಕು, ಬಿಲ್ಲಿಗೆ ಬೇಡ.

ಹಾಗಂತ ಘನ ಮೀಟರ್ ಲೆಕ್ಕವನ್ನು ಬಿಡೋಕಾಗಲ್ಲ. ಸಾಗಣೆಯ ದರ ಎಷ್ಟೋ ಕಡೆ ಅದರ ಮೇಲೇ ನಿಂತಿರುತ್ತದೆ. ಅದಕ್ಕೆ ಟೇಪ್ ಹಿಡಿದೇ ಅಳೆಯಿರಿ. ಎತ್ತರವನ್ನು ನೆಲದಿಂದಲೇ ಹಿಡಿಯಿರಿ. ಯೂರೋ ಪ್ಯಾಲೆಟ್‌ನ ಎತ್ತರವೇ 144 ಮಿ.ಮೀ., ಅದೂ ಸೇರಬೇಕು. ಉದ್ದ, ಅಗಲವನ್ನು ಮರದ ಅಂಚಿಗೆ ಅಲ್ಲ, ಸರಕು ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿ ಅಳೆಯಿರಿ. ನಾಲ್ಕೂ ಕಡೆ ಬರೀ 2 ಸೆಂ.ಮೀ. ಹೊರಚಾಚಿದರೂ 1.44 ಇದ್ದದ್ದು 1.56 ಆಗುತ್ತದೆ.